ಪ್ಲೇಸ್ಟೇಷನ್ 4ರಲ್ಲಿ ಮತ್ತೆ ಮತ್ತೆ ಸಿಇ-34878-0: ಎಲ್ಲವನ್ನೂ ಅಳಿಸುವ ಮೊದಲು ಏನೇನು ನೋಡಬೇಕು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಸೋನಿ ಕಂಪನಿಯ ಆಟದ ಯಂತ್ರ (ಕನ್ಸೋಲ್), 500 ಜಿಬಿಯ ಪ್ಲೇಸ್ಟೇಷನ್ 4 ಸ್ಲಿಮ್. ಅದರ ವಾರಂಟಿ ಮುಗಿದು ಬಹಳ ಕಾಲವಾಯಿತು. ಈ ಮಳೆಗಾಲ ಶುರುವಾದಾಗಿನಿಂದ ಆಟದ ನಡುವೆಯೇ ಎಲ್ಲವೂ ನಿಂತುಹೋಗಿ, ದೋಷ ಸಂಭವಿಸಿದೆ ಎಂಬ ಪರದೆಯೂ ಅದರ ಜೊತೆಗೆ ಸಿಇ-34878-0 ಎಂಬ ಸಂಕೇತವೂ ಕಾಣಿಸುತ್ತಿವೆ. ಫುಟ್‌ಬಾಲ್ ಆಟದಲ್ಲಿ ಇದು ಅಪರೂಪ. ಆದರೆ ದೊಡ್ಡ ನಗರವೊಂದರಲ್ಲಿ ಕಾರು ಓಡಿಸುತ್ತ ತಿರುಗಾಡುವ ಆಟದಲ್ಲಿ ಹೊಸ ಬಡಾವಣೆಗೆ ಕಾಲಿಡುತ್ತಿದ್ದಂತೆ ಹೀಗಾಗುತ್ತದೆ. ನಮ್ಮೂರಿನ ರಿಪೇರಿ ಅಂಗಡಿಯವರು ಯಂತ್ರವನ್ನು ಬಿಚ್ಚಿಯೂ ನೋಡದೆ ಒಳಗಿನ ಮುಖ್ಯ ಬೋರ್ಡ್ ಹೋಗಿದೆ ಎಂದುಬಿಟ್ಟರು. ಗೆಳೆಯನೊಬ್ಬ ಪೂರ್ತಿ ಇನಿಷಿಯಲೈಸ್ ಮಾಡು, ಅಂದರೆ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡು ಎನ್ನುತ್ತಾನೆ. ಅದರಲ್ಲಿ ಮಗಳು ಆಡಿ ಉಳಿಸಿಟ್ಟ ಆಟಗಳೆಲ್ಲ ಇರುವುದರಿಂದ ಆ ಕೆಲಸಕ್ಕೆ ಕೈ ಹಾಕಲು ಹಿಂಜರಿಕೆಯಾಗುತ್ತಿದೆ. ಈ ಸಂಕೇತ ನಿಜವಾಗಿ ಏನು ಹೇಳುತ್ತದೆ, ಯಾವುದನ್ನು ಮೊದಲು ನೋಡಬೇಕು, ತಿಳಿದವರು ದಯವಿಟ್ಟು ಹೇಳಿ.

ಮೂರನೇ_ಕಂಟ್ರೋಲರ್:
ಇನಿಷಿಯಲೈಸ್ ಮಾಡಿ ಮುಗಿಸಿ. ಈ ಸಂಕೇತಕ್ಕೆ ಕೊನೆಗೆ ಎಲ್ಲರೂ ಮಾಡುವುದು ಅದನ್ನೇ.

ಬೆಸುಗೆ_ಕಡ್ಡಿ:
ಮೇಲಿನ ಸಲಹೆಯನ್ನು ದಯವಿಟ್ಟು ಈಗಲೇ ಪಾಲಿಸಬೇಡಿ. ಅದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಸಿಇ-34878-0 ಎಂಬುದು ಯಾವುದೋ ಒಂದು ಬಿಡಿಭಾಗ ಕೆಟ್ಟಿದೆ ಎಂಬ ತೀರ್ಪಲ್ಲ. ಆಟವೆಂಬ ತಂತ್ರಾಂಶ ತಾನಾಗಿ ನಿಂತುಹೋಯಿತು ಎಂದಷ್ಟೇ ಅದು ಹೇಳುತ್ತದೆ. ನಿಲ್ಲಲು ಕಾರಣ ಆಟದ ಅಪ್‌ಡೇಟ್‌ನಲ್ಲಿರುವ ದೋಷವಿರಬಹುದು, ಆಟದಲ್ಲಿ ಎಲ್ಲಿಯವರೆಗೆ ಬಂದೆವೆಂದು ಉಳಿಸಿಡುವ ಸೇವ್ ಕಡತ ಹಾಳಾಗಿರಬಹುದು, ಓದಲು ತಡಬಡಿಸುವ ಹಾರ್ಡ್ ಡಿಸ್ಕ್ ಇರಬಹುದು, ಕೊನೆಗೆ ನಿಮ್ಮ ಅಂಗಡಿಯವರು ಹೇಳುವ ಬೋರ್ಡೂ ಇರಬಹುದು. ಪ್ಲೇಸ್ಟೇಷನ್ 5ರಲ್ಲಿ ಇದೇ ಕೆಲಸವನ್ನು ಸಿಇ-108255-1 ಮಾಡುತ್ತದೆ. ಆದ್ದರಿಂದ ಸಂಕೇತ ಕಂಡ ಕೂಡಲೇ ಔಷಧ ಹುಡುಕುವ ಬದಲು, ಯಾವಾಗ ಬರುತ್ತದೆ, ಯಾವ ಆಟದಲ್ಲಿ ಬರುತ್ತದೆ, ಯಾವ ಬಳಕೆದಾರರ ಖಾತೆಯಲ್ಲಿ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಹಿಂದಿನ ದೋಷಗಳ ಪಟ್ಟಿಯೇ ಇದೆ, ಅದನ್ನು ಒಮ್ಮೆ ತೆರೆದು ನೋಡಿ. ಒಂದೇ ಆಟದ ಹೆಸರು ಸಾಲಾಗಿ ಕಂಡರೆ ಸಂಶಯ ಆಟದ ಮೇಲೆ ಹೋಗಬೇಕು. ಬೇರೆ ಬೇರೆ ಆಟಗಳು ಕಂಡರೆ ಯಂತ್ರದ ಮೇಲೆ.

ಎಲ್ಲಕ್ಕಿಂತ ಮೊದಲು ಮಗಳ ಸೇವ್ ಕಡತಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಸೇವ್ ಡೇಟಾ ನಿರ್ವಹಣೆಯ ವಿಭಾಗಕ್ಕೆ ಹೋಗಿ, ಸಿಸ್ಟಮ್ ಸ್ಟೋರೇಜ್‌ನಲ್ಲಿರುವುದನ್ನು ಯುಎಸ್‌ಬಿಗೆ ಕಳುಹಿಸುವ ಆಯ್ಕೆಯನ್ನು ಒತ್ತಿದರೆ ಆಯಿತು, ಅದಕ್ಕೆ ಚಂದಾ ಬೇಕಿಲ್ಲ. ಆಮೇಲೆ ಹೊಸ ಬಳಕೆದಾರನೊಬ್ಬನನ್ನು ಸೃಷ್ಟಿಸಿ ಅದೇ ಆಟವನ್ನು ಮೊದಲಿನಿಂದ ಆಡಿ. ಅಲ್ಲಿ ದೋಷ ಬಾರದಿದ್ದರೆ ಹಳೆಯ ಸೇವ್ ಕಡತವೇ ಹಾಳಾಗಿರುವ ಸಾಧ್ಯತೆ ಹೆಚ್ಚು.

ಅಮ್ಮನ_ಪರವಾನಗಿ:
ಪ್ಲೇಸ್ಟೇಷನ್ 5 ಇರುವವರಿಗೊಂದು ಎಚ್ಚರಿಕೆಯನ್ನು ಇದಕ್ಕೆ ಸೇರಿಸುತ್ತೇನೆ. ಅದರಲ್ಲಿ ಹಳೆಯ 4ರ ಆಟಗಳ ಸೇವ್ ಕಡತಗಳು ಪೆನ್ ಡ್ರೈವ್‌ಗೆ ಬರುತ್ತವೆ, ಆದರೆ 5ಕ್ಕೆಂದೇ ಬಂದ ಆಟಗಳ ಸೇವ್ ಕಡತಗಳನ್ನು ಹಾಗೆ ಬಿಡಿಬಿಡಿಯಾಗಿ ನಕಲು ಮಾಡಲಾಗದು. ಅವುಗಳಿಗೆ ಪ್ಲೇಸ್ಟೇಷನ್ ಪ್ಲಸ್ ಚಂದಾದ ಕ್ಲೌಡ್ ಬೇಕು. ನನ್ನ ಮಗನಿಗೆ ಇದನ್ನು ಅರ್ಥಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು.

ರಾತ್ರಿಪಾಳಿ:
ಬೆಸುಗೆಯವರು ಹೇಳಿದ ಮೇಲೆ ಮುಂದಿನ ಹೆಜ್ಜೆ ಸೇಫ್ ಮೋಡ್, ಅಂದರೆ ದೋಷ ಸರಿಪಡಿಸಲೆಂದೇ ಇರುವ ಪ್ರತ್ಯೇಕ ಪಟ್ಟಿ. ಯಂತ್ರವನ್ನು ಪೂರ್ತಿ ಆರಿಸಿ; ಅರೆನಿದ್ದೆಯ ರೆಸ್ಟ್ ಮೋಡ್‌ನಲ್ಲಿ ಇರಕೂಡದು, ಅಂದರೆ ಕಿತ್ತಳೆ ದೀಪ ಉರಿಯುತ್ತಿರಬಾರದು. ಪವರ್ ಗುಂಡಿಯನ್ನು ಒತ್ತಿಹಿಡಿದರೆ ಮೊದಲ ಬೀಪ್ ಕೂಡಲೇ ಬರುತ್ತದೆ, ಎರಡನೆಯದು ಸುಮಾರು 7 ಸೆಕೆಂಡುಗಳ ನಂತರ ಬರುತ್ತದೆ. ಎರಡನೆಯ ಬೀಪ್ ಕೇಳಿದ ಮೇಲೆ ಬೆರಳು ತೆಗೆಯಿರಿ. ಅಲ್ಲಿ ಕಂಟ್ರೋಲರ್ ನಿಸ್ತಂತುವಾಗಿ ಕೆಲಸ ಮಾಡದು, ಕೇಬಲ್ ಸಿಕ್ಕಿಸಿ ಪಿಎಸ್ ಗುಂಡಿ ಒತ್ತಬೇಕು. ಎಷ್ಟೋ ಜನ ಚಾರ್ಜಿಂಗ್‌ಗೆ ಮಾತ್ರ ಆಗುವ ಅಗ್ಗದ ಕೇಬಲ್ ಸಿಕ್ಕಿಸಿಕೊಂಡು ಸೇಫ್ ಮೋಡ್ ಕೆಟ್ಟಿದೆ ಎಂದು ಗೋಳಾಡುವುದನ್ನು ನೋಡಿದ್ದೇನೆ. ದತ್ತಾಂಶವನ್ನೂ ಸಾಗಿಸುವ ಕೇಬಲ್ಲೇ ಬೇಕು.

ಅಲ್ಲಿ ಕಾಣುವ ಪಟ್ಟಿಯಲ್ಲಿ 5ನೆಯದು ರೀಬಿಲ್ಡ್ ಡೇಟಾಬೇಸ್. ಅದು ಆಟಗಳನ್ನಾಗಲಿ ಸೇವ್ ಕಡತಗಳನ್ನಾಗಲಿ ಅಳಿಸುವುದಿಲ್ಲ, ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಎಂಬ ಸೂಚಿಯನ್ನು ಹೊಸದಾಗಿ ಕಟ್ಟುತ್ತದೆ. 6 ಮತ್ತು 7 ಮಾತ್ರ ಎಲ್ಲವನ್ನೂ ಅಳಿಸುವವು. ಅವುಗಳಲ್ಲಿ 7 ಯಂತ್ರದ ಮೂಲ ತಂತ್ರಾಂಶವನ್ನೂ ಹೊಸದಾಗಿ ಹಾಕುತ್ತದೆ. ನಿಮ್ಮ ಗೆಳೆಯ ಹೇಳುತ್ತಿರುವುದು 6, ನಿಮಗೆ ಸದ್ಯಕ್ಕೆ ಬೇಕಾಗಿರುವುದು 5.

ಮೂರನೇ_ಕಂಟ್ರೋಲರ್:
ಸೋನಿಯ ಸಹಾಯ ಪುಟದಲ್ಲೇ ಕೊನೆಯ ಉಪಾಯವಾಗಿ ಇನಿಷಿಯಲೈಸ್ ಮಾಡಿ ಎಂದು ಬರೆದಿದೆಯಲ್ಲ, ನಾನು ಹೇಳಿದ್ದರಲ್ಲಿ ತಪ್ಪೇನು?

ಬೆಸುಗೆ_ಕಡ್ಡಿ:
ಕೊನೆಯ ಉಪಾಯ ಎಂಬುದರಲ್ಲಿಯೇ ಉತ್ತರವಿದೆ. ಅದೇ ಪುಟ ಅದಕ್ಕೂ ಮೊದಲು ಆಟವನ್ನು ಮುಚ್ಚಿ, ಆಟಕ್ಕೂ ಯಂತ್ರಕ್ಕೂ ಹೊಸ ಅಪ್‌ಡೇಟ್ ಹಾಕಿ ನೋಡಿ ಎನ್ನುತ್ತದೆ; ಹಾರ್ಡ್ ಡಿಸ್ಕ್ ಬದಲಿಸಿದ್ದರೆ ಮೊದಲಿನ ಡಿಸ್ಕನ್ನೇ ಮತ್ತೆ ಹಾಕಿ ನೋಡಿ ಎಂದೂ ಹೇಳುತ್ತದೆ. ಡಿಸ್ಕ್ ಸಾಯುತ್ತಿದ್ದರೆ ಇನಿಷಿಯಲೈಸ್ ಮಾಡಿದ ಮೇಲೆ ಒಂದಷ್ಟು ಕಾಲ ಎಲ್ಲವೂ ಸರಿಹೋದಂತೆ ಕಂಡು, ಆಟಗಳನ್ನೆಲ್ಲ ಮತ್ತೆ ಡೌನ್‌ಲೋಡ್ ಮಾಡಿ ಮುಗಿಸುವ ಹೊತ್ತಿಗೆ ಅದೇ ಸಂಕೇತ ಮರಳಿ ಬರುತ್ತದೆ. ಡೇಟಾವೂ ಹೋಯಿತು, ರೋಗವೂ ಉಳಿಯಿತು.

ಕುಂದಾಪ್ರ_ಗೇಮರ್:
ಮಳೆಗಾಲದಲ್ಲಿ ಶುರುವಾಯಿತು ಎಂದಿದ್ದಾರೆ. ಕರಾವಳಿಯಲ್ಲಿ ಆಡುವ ನನ್ನ ಅನುಭವದಲ್ಲಿ ಇದು ತೇವ ಮತ್ತು ಧೂಳು ಸೇರಿ ಫ್ಯಾನಿಗೆ ಮೆತ್ತಿಕೊಂಡ ಪರಿಣಾಮ. ಯಂತ್ರ ಬಿಸಿಯಾಗಿ ನಿಲ್ಲುತ್ತಿದೆ. ಮೊದಲು ಧೂಳು ತೆಗೆಯಿರಿ, ಉಳಿದದ್ದು ಆಮೇಲೆ.

ರಾತ್ರಿಪಾಳಿ:
ಧೂಳು ತೆಗೆಯಬೇಕೆಂಬುದನ್ನು ಒಪ್ಪುತ್ತೇನೆ, ಕಾರಣವನ್ನು ಒಪ್ಪುವುದಿಲ್ಲ. ಪ್ಲೇಸ್ಟೇಷನ್ 4 ಮಿತಿಮೀರಿ ಬಿಸಿಯಾದರೆ ಸುಮ್ಮನಿರುವುದಿಲ್ಲ. ಬಿಸಿಯಾಗಿದೆ, ಆರಿಸಿ ತಣ್ಣಗಾಗಲು ಬಿಡಿ ಎಂಬ ಪ್ರತ್ಯೇಕ ಸಂದೇಶವನ್ನೇ ತೋರಿಸುತ್ತದೆ, ಕೆಂಪು ದೀಪವನ್ನೂ ಉರಿಸುತ್ತದೆ. ಇವೆರಡೂ ಇಲ್ಲದೆ ಬರೀ ಸಿಇ-34878-0 ಬರುತ್ತಿದ್ದರೆ ಬಿಸಿಯನ್ನು ಮೊದಲ ಆರೋಪಿಯಾಗಿ ನಿಲ್ಲಿಸುವುದು ಸರಿಯಲ್ಲ. ಅದೂ ಅಲ್ಲದೆ ಹೊಸ ಬಡಾವಣೆಗೆ ಕಾಲಿಟ್ಟಾಗ ನಿಲ್ಲುತ್ತದೆ ಎಂಬ ಮಾತನ್ನು ಗಮನಿಸಿ. ಆ ಕ್ಷಣದಲ್ಲಿ ಆಟ ಡಿಸ್ಕಿನಿಂದ ರಾಶಿಗಟ್ಟಲೆ ಚಿತ್ರಗಳನ್ನು ಓದುತ್ತಿರುತ್ತದೆ.

ಕುಂದಾಪ್ರ_ಗೇಮರ್:
ಬಿಸಿಯಾದ ಚಿಪ್ ಸಂದೇಶ ಬರುವ ಮಟ್ಟ ತಲುಪುವ ಮೊದಲೇ ತಪ್ಪು ಲೆಕ್ಕ ಹಾಕಲಾರದೆಂದು ನೀವು ಖಚಿತವಾಗಿ ಹೇಳಬಲ್ಲಿರಾ? ಸ್ವಚ್ಛ ಮಾಡಲು ದುಡ್ಡು ಖರ್ಚಾಗುವುದಿಲ್ಲ. ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ತಡೆದುಹಿಡಿಯಿರಿ, ಅದು ಗಿರಗಿರನೆ ತಿರುಗಲು ಬಿಡಬೇಡಿ, ಅಷ್ಟೇ. ಹಾಂ, ಪ್ಲೇಸ್ಟೇಷನ್ 5ರಲ್ಲಿ ಧೂಳು ಸೇರಲೆಂದೇ ಎರಡು ರಂಧ್ರಗಳಿವೆ, ಪಕ್ಕದ ತಟ್ಟೆಯನ್ನು ತೆಗೆದು ವ್ಯಾಕ್ಯೂಮ್ ಹಿಡಿದರೆ ಸಾಕು. ಅದರಾಚೆಗೆ ಬಿಚ್ಚಿದರೆ ಶಾಖ ಸಾಗಿಸಲು ಒಳಗಿನ ಚಿಪ್ ಮೇಲೆ ಹಾಕಿರುವ ದ್ರವಲೋಹ ಚೆಲ್ಲುವ ಅಪಾಯವಿದೆ.

ಹಳೇಡಿಸ್ಕ್:
ನಾನು ರಾತ್ರಿಪಾಳಿಯವರ ಪಕ್ಷ. ಇದು ಹಾರ್ಡ್ ಡಿಸ್ಕ್ ಎಂದು ನನ್ನ ಊಹೆ, ಆದರೆ ಊಹೆಯ ಮೇಲೆ ದುಡ್ಡು ಸುರಿಯುವ ಅಗತ್ಯವಿಲ್ಲ, ಏಕೆಂದರೆ ಡಿಸ್ಕನ್ನು ಹೊರತೆಗೆದು ಪರೀಕ್ಷಿಸಬಹುದು. ಸ್ಲಿಮ್ ಮಾದರಿಯಲ್ಲಿ ಹಿಂಬದಿಯ ಮೂಲೆಯ ಮುಚ್ಚಳವನ್ನು ಸರಿಸಿದರೆ ಒಂದೇ ಒಂದು ತಿರುಪು ಕಾಣುತ್ತದೆ. ಅದರ ತಲೆಯ ಮೇಲೆ ಕಂಟ್ರೋಲರ್ ಗುಂಡಿಗಳ ತ್ರಿಕೋನ, ವೃತ್ತ, ಕತ್ತರಿ, ಚೌಕಗಳ ಗುರುತುಗಳಿರುತ್ತವೆ. ಆ ತಿರುಪು ಬಿಚ್ಚಿದರೆ ಡಿಸ್ಕ್ ಕೂತಿರುವ ತಗಡಿನ ಚೌಕಟ್ಟು ಹೊರಗೆ ಜಾರುತ್ತದೆ. ಇದು ಬಳಕೆದಾರರೇ ಬದಲಿಸಿಕೊಳ್ಳಲೆಂದು ಮಾಡಿಟ್ಟ ವ್ಯವಸ್ಥೆ, ಕೈಪಿಡಿಯಲ್ಲಿಯೂ ವಿವರವಿದೆ, ಆದ್ದರಿಂದ ಅಂಗಡಿಗೆ ಹೋಗಬೇಕಿಲ್ಲ.

ಡಿಸ್ಕನ್ನು, ಅದರ ಸಾಟಾ ಎಂಬ ಜೋಡಣೆಯಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ. ಕೂಡಲೇ ವಿಂಡೋಸ್ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತದೆ, ಖಂಡಿತ ಬೇಡವೆನ್ನಿ. ಅದರಲ್ಲಿರುವುದೆಲ್ಲ ನಿಮ್ಮ ಕನ್ಸೋಲ್‌ನ ಬೋರ್ಡಿಗೆ ಮಾತ್ರ ತಿಳಿಯುವಂತೆ ಗೂಢಲಿಪಿಯಲ್ಲಿ ಇರುವುದರಿಂದ ಕಂಪ್ಯೂಟರ್‌ಗೆ ಅದು ಖಾಲಿ ಡಿಸ್ಕಿನಂತೆ ಕಾಣುತ್ತದೆ. ಆದರೂ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ಓದಬಲ್ಲದು. ಅಲ್ಲಿ 05 ಎಂಬ ಸಾಲನ್ನೂ ಸಿ5 ಎಂಬ ಸಾಲನ್ನೂ ನೋಡಿ. ಮೊದಲನೆಯದು ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಚಿಕ್ಕ ತುಣುಕುಗಳ, ಲೆಕ್ಕ. ಎರಡನೆಯದು ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳದು. ಸಿ5 ಸೊನ್ನೆಯಲ್ಲದಿದ್ದರೆ, ಅದರಲ್ಲೂ ಎರಡು ವಾರದ ಅಂತರದಲ್ಲಿ ಏರುತ್ತಿದ್ದರೆ, ಆ ಡಿಸ್ಕಿನ ಕಥೆ ಮುಗಿಯುತ್ತ ಬಂದಿದೆಯೆಂದು ತಿಳಿಯಿರಿ. ಅದನ್ನು ಹಾಗೆಯೇ ಬಿಟ್ಟರೆ ಮುಂದೊಂದು ದಿನ ಡಿಸ್ಕೇ ಸಿಗುತ್ತಿಲ್ಲ ಎನ್ನುವ ಸಿಇ-34335-8 ಕಾಣಿಸಿಕೊಳ್ಳುತ್ತದೆ, ಆಗ ನಕಲು ಮಾಡಲು ಏನೂ ಉಳಿದಿರುವುದಿಲ್ಲ.

ಬದಲಿ ಹಾಕುವುದಾದರೆ 2.5 ಇಂಚಿನ, 9.5 ಮಿಲಿಮೀಟರ್‌ಗಿಂತ ದಪ್ಪವಿಲ್ಲದ ಸಾಟಾ ಡಿಸ್ಕ್ ಅಥವಾ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹಾಕಿ. ಹೆಚ್ಚು ಸಂಗ್ರಹವಿರುವ ಕೆಲವು ಡಿಸ್ಕ್‌ಗಳು 15 ಮಿಲಿಮೀಟರ್ ದಪ್ಪವಿರುತ್ತವೆ, ಅವು ಆ ಚೌಕಟ್ಟಿನಲ್ಲಿ ಕೂರುವುದಿಲ್ಲ.

ಮೂರನೇ_ಕಂಟ್ರೋಲರ್:
ಎಸ್‌ಎಸ್‌ಡಿ ಹಾಕಿದ ಮೇಲೆ ಮೂಲ ತಂತ್ರಾಂಶ ಹಾಕಲು ಹೋದರೆ ಎಸ್‌ಯು-30746-0 ಬಂದು ಅಲ್ಲಿಯೇ ಸಿಕ್ಕಿಹಾಕಿಕೊಂಡವರು ಬಹಳ ಮಂದಿ. ಇದನ್ನೂ ಯಾರಾದರೂ ವಿವರಿಸಿ.

ರಾತ್ರಿಪಾಳಿ:
ಅದರ ಅರ್ಥ, ಪೆನ್ ಡ್ರೈವ್‌ನಲ್ಲಿ ತನಗೆ ಬೇಕಾದ ಕಡತ ಯಂತ್ರಕ್ಕೆ ಸಿಗಲಿಲ್ಲ ಎಂದು. ಪೆನ್ ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರಬೇಕು, ಎನ್‌ಟಿಎಫ್‌ಎಸ್ ಆಗಿದ್ದರೆ ಯಂತ್ರಕ್ಕೆ ಅದು ಕಾಣಿಸುವುದೇ ಇಲ್ಲ. ಅದರೊಳಗೆ ಪಿಎಸ್4 ಎಂಬ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಎಂಬ ಫೋಲ್ಡರ್, ಅದರೊಳಗೆ ಪಿಎಸ್4ಅಪ್‌ಡೇಟ್ ಡಾಟ್ ಪಪ್ ಎಂಬ ಕಡತ ಇರಬೇಕು. ಈ ಎಲ್ಲ ಹೆಸರುಗಳನ್ನೂ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿಯೇ ಬರೆಯಬೇಕು. ಕಡತವನ್ನು ಎರಡು ಸಲ ಇಳಿಸಿಕೊಂಡರೆ ಬ್ರೌಸರ್ ಎರಡನೆಯದಕ್ಕೆ ಹೆಸರಿನ ಕೊನೆಯಲ್ಲಿ ಆವರಣ ಹಾಕಿ 1 ಎಂದು ಸೇರಿಸುತ್ತದೆ, ಅಷ್ಟು ಸಾಕು, ಯಂತ್ರ ಅದನ್ನು ಗುರುತಿಸದು.

ಇನ್ನೊಂದು ಸಂಗತಿಯಲ್ಲಿ ಬಹಳಷ್ಟು ಜನ ಎಡವುತ್ತಾರೆ. ಸಾಮಾನ್ಯ ಅಪ್‌ಡೇಟ್ ಕಡತ ಬೇರೆ, ಹೊಸ ಡಿಸ್ಕಿಗೆ ಹಾಕುವ ಪೂರ್ಣ ಮರುಸ್ಥಾಪನೆಯ ಕಡತ ಬೇರೆ. ಎರಡಕ್ಕೂ ಹೆಸರು ಒಂದೇ, ಆದರೆ ಎರಡನೆಯದು ಗಾತ್ರದಲ್ಲಿ ಸುಮಾರು 1 ಜಿಬಿಯಷ್ಟು ಇದ್ದು ಮೊದಲನೆಯದಕ್ಕಿಂತ ಬಹಳ ದೊಡ್ಡದು. ಹೊಸ ಡಿಸ್ಕಿಗೆ ಅದೇ ಬೇಕು, ಆಯ್ಕೆ 7ನ್ನೇ ಒತ್ತಬೇಕು.

ಬೆಸುಗೆ_ಕಡ್ಡಿ:
ಇದರ ಜೊತೆಗೆ ಎಸ್‌ಯು-42118-6 ಕಂಡವರಿಗೆ ಒಂದು ಮಾತು. ಪೆನ್ ಡ್ರೈವ್, ಕಡತ, ಡಿಸ್ಕ್ ಎಲ್ಲ ಸರಿಯಿದ್ದೂ ಅಪ್‌ಡೇಟ್ ಇದೇ ಸಂಕೇತದಲ್ಲಿ ನಿಲ್ಲುತ್ತಿದ್ದರೆ ಬ್ಲೂ-ರೇ ಡ್ರೈವ್ ಅಥವಾ ಅದರ ಪಟ್ಟಿ ಕೇಬಲ್ ಕೈಕೊಟ್ಟಿರುವುದನ್ನು ನನ್ನ ಮೇಜಿನ ಮೇಲೆ ಅನೇಕ ಸಲ ಕಂಡಿದ್ದೇನೆ. ಆಟವನ್ನು ಡೌನ್‌ಲೋಡ್ ಮಾಡಿಯೇ ಆಡುವವರಿಗೂ ಇದು ಬರುತ್ತದೆ, ಏಕೆಂದರೆ ಅಪ್‌ಡೇಟ್ ಆಗುವಾಗ ಯಂತ್ರ ಆ ಡ್ರೈವನ್ನೂ ಮಾತನಾಡಿಸುತ್ತದೆ.

ಡಬ್ಲಿನ್_ಕನ್ನಡಿಗ:
ಯಾರೂ ಹೇಳದ ಇನ್ನೊಂದು ಕಾರಣವಿದೆ: ಗಡಿಯಾರದ ಬ್ಯಾಟರಿ. ಬೋರ್ಡಿನ ಮೇಲೆ ಕೂತಿರುವ ಆ ನಾಣ್ಯದಾಕಾರದ ಕೋಶ ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಯಂತ್ರಕ್ಕೆ ದಿನಾಂಕ ಮರೆತುಹೋಗುತ್ತದೆ. ಆಟದಲ್ಲಿನ ಸಾಧನೆಗೆ ಸಿಗುವ ಟ್ರೋಫಿಗಳಿಗೆ ಸರಿಯಾದ ಸಮಯ ಬೇಕಾಗಿದ್ದರಿಂದ, ಬ್ಯಾಟರಿ ಸತ್ತು ಸೋನಿಯ ಸರ್ವರ್ ಕೂಡ ಸಿಗದಿದ್ದರೆ ಬ್ಲೂ-ರೇ ಡಿಸ್ಕಿನಲ್ಲಿರುವ ಆಟಗಳೂ ತೆರೆಯದೆ ಇದೇ ಸಿಇ-34878-0 ತೋರಿಸುತ್ತವೆ ಎಂಬುದು 2021ರಲ್ಲಿ ದೊಡ್ಡ ಗಲಾಟೆಯಾಯಿತು. ಮುಂದೊಂದು ದಿನ ಸರ್ವರ್ ನಿಲ್ಲಿಸಿದರೆ ಕೋಟಿಗಟ್ಟಲೆ ಯಂತ್ರಗಳು ಮೂಲೆ ಸೇರುತ್ತವೆಯೇ ಎಂಬ ಭಯ ಅದರ ಹಿಂದೆ ಇತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ 9.00 ಅಪ್‌ಡೇಟ್ ಸದ್ದಿಲ್ಲದೆ ಅದನ್ನು ಸರಿಪಡಿಸಿತು. ಹಳೆಯ ಅಪ್‌ಡೇಟ್‌ನಲ್ಲೇ ಉಳಿದವರು ಇದ್ದರೆ ಗಮನಿಸಿ.

ಹಳೇಡಿಸ್ಕ್:
ಗಡಿಯಾರದ ವಿಷಯ ಬಂದಾಗ ಪ್ಲೇಸ್ಟೇಷನ್ 3 ನೆನಪಾಗದೆ ಇರದು. 2010ರ ಮಾರ್ಚ್ 1ರಂದು ಜಗತ್ತಿನಾದ್ಯಂತ ಹಳೆಯ ದಪ್ಪ ಮಾದರಿಯ ಯಂತ್ರಗಳೆಲ್ಲ ಒಟ್ಟಿಗೆ 8001050ಎಫ್ ಎಂಬ ಸಂಕೇತ ತೋರಿಸಿ ನೆಟ್‌ವರ್ಕ್‌ಗೆ ಹೋಗಲು ನಿರಾಕರಿಸಿದವು. ಅವುಗಳೊಳಗಿನ ಗಡಿಯಾರದ ಚಿಪ್ 2010ನ್ನು ಅಧಿಕ ವರ್ಷವೆಂದು ಲೆಕ್ಕ ಹಾಕಿ, ಇಲ್ಲದ ಫೆಬ್ರವರಿ 29ನ್ನು ಹುಟ್ಟಿಸಿತ್ತು. ಸಮಸ್ಯೆ ಸರಿಹೋಗುವವರೆಗೆ ಯಂತ್ರವನ್ನೇ ಹಚ್ಚಬೇಡಿ ಎಂದು ಸೋನಿ ಹೇಳಬೇಕಾಯಿತು, ಮರುದಿನ ತಾನಾಗಿಯೇ ಸರಿಹೋಯಿತು. ಆ ದಿನ ಹೆದರಿ ಫಾರ್ಮ್ಯಾಟ್ ಮಾಡಿಕೊಂಡವರು ಪಾಪ, ಸುಮ್ಮನೆ ಕೂತಿದ್ದರೆ ಸಾಕಿತ್ತು.

ಕುಂದಾಪ್ರ_ಗೇಮರ್:
ಹಳೆಯ ಕಥೆಗಳಲ್ಲಿ ಮೈಕ್ರೋಸಾಫ್ಟ್‌ನ ಆಟದ ಯಂತ್ರ ಎಕ್ಸ್‌ಬಾಕ್ಸ್ 360ರ ಮೂರು ಕೆಂಪು ದೀಪಗಳನ್ನು ಬಿಟ್ಟರೆ ಹೇಗೆ? ಅಲ್ಲಿಯೂ ಸಂಕೇತ ಇತ್ತು, ಪರದೆಯ ಮೇಲಲ್ಲ, ದೀಪಗಳಲ್ಲಿ. ಸಿಂಕ್ ಗುಂಡಿಯನ್ನು ಒತ್ತಿಹಿಡಿದು ಡಿಸ್ಕ್ ಹೊರಬರುವ ಗುಂಡಿಯನ್ನು ನಾಲ್ಕು ಸಲ ಒತ್ತಿದರೆ, ಒಂದೊಂದು ಒತ್ತಿಗೂ ಪವರ್ ಗುಂಡಿಯ ಸುತ್ತಲಿನ ವೃತ್ತದಲ್ಲಿ ಉರಿಯುವ ಕಾಲುಭಾಗಗಳನ್ನು ಎಣಿಸಿ ನಾಲ್ಕಂಕಿಯ ಸಂಕೇತವನ್ನು ಬರೆದುಕೊಳ್ಳಬೇಕಿತ್ತು. ನಾಲ್ಕೂ ಉರಿದರೆ ಸೊನ್ನೆಯೆಂದು ಲೆಕ್ಕ. 0102 ಬಂದರೆ ಎಲ್ಲರೂ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಬಿಸಿಯಾಗಿ ತಣ್ಣಗಾಗಿ ಚಿಪ್ಪಿನ ಬೆಸುಗೆ ಬಿರುಕು ಬಿಡುತ್ತಿತ್ತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ವಾರಂಟಿಯನ್ನು 3 ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ 100 ಕೋಟಿ ಡಾಲರ್‌ಗಿಂತ ಹೆಚ್ಚಿನ ಹಣ ಎತ್ತಿಟ್ಟಿತು. ಆದ್ದರಿಂದ ಬಿಸಿಯನ್ನು ಹಗುರವಾಗಿ ಕಾಣಬೇಡಿ ಎಂದು ಮತ್ತೆ ಹೇಳುತ್ತೇನೆ.

ಬೆಸುಗೆ_ಕಡ್ಡಿ:
ಆ ಕಾಲದಲ್ಲಿ ಯಂತ್ರಕ್ಕೆ ಟವೆಲ್ ಸುತ್ತಿ ಬಿಸಿ ಮಾಡಿ "ರಿಪೇರಿ" ಮಾಡುತ್ತಿದ್ದರು, ಈಗಲೂ ಕೆಲವು ಅಂಗಡಿಗಳಲ್ಲಿ ಹೀಟ್ ಗನ್ ಹಿಡಿದು ಅದನ್ನೇ ಮಾಡುತ್ತಾರೆ. ನಾಲ್ಕು ದಿನ ನಡೆದು ಮತ್ತೆ ನಿಲ್ಲುತ್ತದೆ. ತುಂಗಾತೀರ ಅವರೇ, ಯಾರಾದರೂ ಬೋರ್ಡಿಗೆ ಬಿಸಿಗಾಳಿ ಹೊಡೆದು ಸರಿಮಾಡಿಕೊಡುತ್ತೇನೆ ಎಂದರೆ ಯಂತ್ರವನ್ನು ಎತ್ತಿಕೊಂಡು ಹೊರಟುಬಿಡಿ.

ತುಂಗಾತೀರ:
ಎಲ್ಲರಿಗೂ ವಂದನೆಗಳು. ಹೇಳಿದ ಕ್ರಮದಲ್ಲಿಯೇ ನೋಡಿದೆ. ದೋಷಗಳ ಪಟ್ಟಿಯಲ್ಲಿ ಬೇರೆ ಬೇರೆ ಆಟಗಳ ಹೆಸರುಗಳಿದ್ದವು. ಹೊಸ ಬಳಕೆದಾರನ ಖಾತೆಯಲ್ಲಿಯೂ ದೋಷ ಬಂತು. ಡೇಟಾಬೇಸ್ ಮರುಕಟ್ಟುವ ಕೆಲಸ ಅರ್ಧ ದಾರಿಯಲ್ಲಿ ಬಹಳ ಹೊತ್ತು ಅಲುಗದೆ ನಿಂತು ಆಮೇಲೆ ಮುಗಿಯಿತು. ಸೇವ್ ಕಡತಗಳನ್ನು ನಕಲು ಮಾಡಿಕೊಂಡು ಡಿಸ್ಕನ್ನು ಹೊರತೆಗೆದು ನೋಡಿದರೆ ಸಿ5 ಸಾಲಿನಲ್ಲಿ ಸೊನ್ನೆಯ ಬದಲು ಒಳ್ಳೆಯ ದೊಡ್ಡ ಸಂಖ್ಯೆಯೇ ಇತ್ತು, ತಂತ್ರಾಂಶ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿತು. ಡಿಸ್ಕನ್ನು ಕಿವಿಯ ಬಳಿ ಹಿಡಿದರೆ ನಡುನಡುವೆ ಟಕ್ ಎಂಬ ಸದ್ದೂ ಕೇಳುತ್ತಿತ್ತು. ಈಗ ಎಸ್‌ಎಸ್‌ಡಿ ಹಾಕಿದ್ದೇನೆ, ಅದರ ಜೊತೆಗೆ ಕುಂದಾಪುರದವರ ಮಾತಿನಂತೆ ಫ್ಯಾನನ್ನೂ ಸ್ವಚ್ಛ ಮಾಡಿದೆ. ಅಲ್ಲಿಂದ ಇಲ್ಲಿಯವರೆಗೆ ಸಂಕೇತ ಕಂಡಿಲ್ಲ.

ಕುಂದಾಪ್ರ_ಗೇಮರ್:
ನೋಡಿದಿರಾ, ಧೂಳು ತೆಗೆದ ಮೇಲೆ ಸರಿಹೋಯಿತು.

ರಾತ್ರಿಪಾಳಿ:
ಇದಕ್ಕೇ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ನಾವು ಬಡಕೊಳ್ಳುವುದು. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಈಗ ಇಬ್ಬರೂ ಗೆದ್ದೆವೆನ್ನಬಹುದು. ಆದರೂ ಓದಲಾಗದ ಸೆಕ್ಟರ್‌ಗಳನ್ನು ಯಾವ ಬ್ರಷ್ಷೂ ಗುಡಿಸಲಾರದು ಎಂಬುದನ್ನು ಗಮನಕ್ಕೆ ತರುತ್ತೇನೆ.

ಹಳೇಡಿಸ್ಕ್:
ಹೊಸ ಡಿಸ್ಕಿಗೂ ಅದೇ ಗತಿ ಬರಬಾರದೆಂದಿದ್ದರೆ ಚಿಕ್ಕದೊಂದು ಯುಪಿಎಸ್ ಇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತಗಳೂ ಡೇಟಾಬೇಸೂ ಅರ್ಧಂಬರ್ಧ ಉಳಿಯುತ್ತವೆ. ಮಳೆಗಾಲದಲ್ಲಿ ಇಂಥ ದೂರುಗಳು ಹೆಚ್ಚುವುದಕ್ಕೆ ನನ್ನ ದೃಷ್ಟಿಯಲ್ಲಿ ತೇವಕ್ಕಿಂತ ಇದೇ ದೊಡ್ಡ ಕಾರಣ. ಸ್ಲಿಮ್ ಯಂತ್ರದ ಗರಿಷ್ಠ ಬಳಕೆಯೆಂದು ಬರೆದಿರುವುದು 165 ವಾಟ್ ಮಾತ್ರ. ಕಂಪ್ಯೂಟರ್‌ಗೆ ಇಡುವ ಸಾಮಾನ್ಯ 600 ವಿಎ ಯುಪಿಎಸ್ ಯಂತ್ರವನ್ನು ಸರಿಯಾಗಿ ಆರಿಸುವಷ್ಟು ಹೊತ್ತು ಹಿಡಿದಿಡುತ್ತದೆ. ಮನೆಯ ಇನ್ವರ್ಟರ್ ಮೇಲೆ ನಂಬಿಕೆ ಇಡುವವರು ಅದು ಬದಲಾಯಿಸಿಕೊಳ್ಳುವ ಕ್ಷಣದಲ್ಲಿ ಕನ್ಸೋಲ್ ರೀಸ್ಟಾರ್ಟ್ ಆಗುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಅದರಲ್ಲಿ ಯುಪಿಎಸ್ ಮೋಡ್ ಗುಂಡಿ ಇದ್ದರೆ ಒತ್ತಿಡಿ.

ಜಯನಗರ_ನಾಲ್ಕನೇ_ಮಹಡಿ:
ಇದೇ ಚರ್ಚೆಯಲ್ಲಿ ನನ್ನದೊಂದನ್ನು ಕೇಳಬಹುದೇ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಇದೆ, ಸಿನಿಮಾ ಎಲ್ಲ ತಡೆಯಿಲ್ಲದೆ ಓಡುತ್ತವೆ, ಆದರೆ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಹೋದರೆ ಕೆಲವು ದಿನ ಡಬ್ಲ್ಯುಎಸ್-37397-9 ಬರುತ್ತದೆ. ನಾವು ಯಾವ ನಿಯಮವನ್ನೂ ಮುರಿದಿಲ್ಲ. ನಮ್ಮ ಇನ್ನೊಂದು ಆಟದ ಯಂತ್ರ ನಿಂಟೆಂಡೊ ಸ್ವಿಚ್‌ನಲ್ಲಿ ಗೆಳೆಯರೊಂದಿಗೆ ಆಡಲು ಹೋದರೆ 2618-0516.

ಕೇಬಲ್_ಕೆಂಚ:
ನಿಮ್ಮ ಎರಡೂ ಸಂಕೇತಗಳ ಬೇರು ಒಂದೇ ಇರುವ ಸಾಧ್ಯತೆ ಬಹಳ. ಡಬ್ಲ್ಯುಎಸ್-37397-9 ಎಂದರೆ ನಿಮ್ಮ ಖಾತೆಯ ಮೇಲಿನ ನಿಷೇಧವಲ್ಲ, ನೀವು ಬರುತ್ತಿರುವ ಐಪಿ ವಿಳಾಸದ (ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಯ) ಮೇಲೆ ಹೇರಿದ ತಾತ್ಕಾಲಿಕ ತಡೆ. ಖಾತೆಯನ್ನೇ ನಿಷೇಧಿಸಿದ್ದರೆ ಡಬ್ಲ್ಯುಎಸ್-37368-7 ಬರುತ್ತಿತ್ತು. ನಮ್ಮ ದೇಶದಲ್ಲಿ ಐಪಿವಿ4 ವಿಳಾಸಗಳಿಗೆ ಬರವಿರುವುದರಿಂದ ಅನೇಕ ಸೇವಾದಾರರು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾರೆ. ಇದಕ್ಕೆ ಸಿಜಿ-ನ್ಯಾಟ್ ಎನ್ನುತ್ತಾರೆ. ಆ ಗುಂಪಿನಲ್ಲಿ ಯಾರೋ ಒಬ್ಬ ಕಿಡಿಗೇಡಿತನ ಮಾಡಿದರೆ ತಡೆ ಎಲ್ಲರ ಮೇಲೂ ಬೀಳುತ್ತದೆ.

ಖಚಿತಪಡಿಸಿಕೊಳ್ಳುವುದು ಸುಲಭ. ರೌಟರ್‌ನ ಪುಟ ತೆರೆದು ಅದರ ಹೊರಗಿನ ವಿಳಾಸ, ಅಂದರೆ ವ್ಯಾನ್ ಐಪಿ, ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ, ಆ ಸರಣಿಯನ್ನು 2012ರಲ್ಲಿ ಈ ಕೆಲಸಕ್ಕೆಂದೇ ಮೀಸಲಿಡಲಾಗಿದೆ. ಸ್ವಿಚ್‌ನ 2618-0516 ಹೇಳುವುದು, ಎರಡು ಮನೆಗಳ ಯಂತ್ರಗಳು ನೇರವಾಗಿ ಒಂದನ್ನೊಂದು ತಲುಪಲಾಗಲಿಲ್ಲ ಎಂದು. ಅದಕ್ಕೆ ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನ ಸಂಪರ್ಕ ಒಳಬರುವ ಬಾಗಿಲು, ತೆರೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಯುಡಿಪಿ ಎಂಬ ಬಗೆಯ ಸಂಪರ್ಕಕ್ಕೆ 1ರಿಂದ 65535ರವರೆಗೆ ತೆರೆಯಿರಿ ಎಂದು ನಿಂಟೆಂಡೊ ತಾನೇ ಹೇಳಿದ್ದೂ ಉಂಟು. ಭದ್ರತೆಯ ದೃಷ್ಟಿಯಿಂದ ಅದು ನನಗೆ ಒಪ್ಪಿಗೆಯಿಲ್ಲ; ಅದಕ್ಕೂ ಮಿಗಿಲಾಗಿ ಸಿಜಿ-ನ್ಯಾಟ್ ಹಿಂದೆ ಇರುವವರು ತಮ್ಮ ರೌಟರ್‌ನಲ್ಲಿ ಎಷ್ಟು ಬಾಗಿಲು ತೆರೆದರೂ ಹೊರಗಿನ ಗೇಟಿನ ಬೀಗ ಸೇವಾದಾರರ ಕೈಯಲ್ಲಿರುತ್ತದೆ. ಅವರಿಗೆ ಫೋನ್ ಮಾಡಿ ಸಾರ್ವಜನಿಕ ಅಥವಾ ಸ್ಟ್ಯಾಟಿಕ್ (ಬದಲಾಗದ) ಐಪಿ ಕೇಳಿ, ಕೆಲವರು ತಿಂಗಳಿಗೆ ಇಷ್ಟೆಂದು ಶುಲ್ಕ ಪಡೆದು ಕೊಡುತ್ತಾರೆ.

ಮೂರನೇ_ಕಂಟ್ರೋಲರ್:
ಅಷ್ಟೆಲ್ಲ ಬೇಡ, ಎಂಟಿಯು (ಒಂದು ಸಲಕ್ಕೆ ಕಳುಹಿಸುವ ಪ್ಯಾಕೆಟ್ ಎಂಬ ದತ್ತಾಂಶದ ಕಟ್ಟಿನ ಗರಿಷ್ಠ ಗಾತ್ರ) 1473 ಎಂದು ಬದಲಿಸಿ, ಡಿಎನ್‌ಎಸ್‌ಗೆ 8.8.8.8 ಹಾಕಿ. ಎಲ್ಲ ವಿಡಿಯೊಗಳಲ್ಲೂ ಇದನ್ನೇ ಹೇಳುತ್ತಾರೆ.

ಕೇಬಲ್_ಕೆಂಚ:
ಎಲ್ಲ ವಿಡಿಯೊಗಳೂ ಒಂದನ್ನೊಂದು ನೋಡಿ ಹೇಳುತ್ತಿವೆ. ಡಿಎನ್‌ಎಸ್ ಬದಲಿಸುವುದು ಎನ್‌ಡಬ್ಲ್ಯು-31253-4ರಂಥ ಸಂಕೇತಕ್ಕೆ ಸರಿಯಾದ ಮದ್ದು, ಏಕೆಂದರೆ ಅದು ಸರ್ವರ್‌ನ ಹೆಸರಿನಿಂದ ವಿಳಾಸ ಹುಡುಕಲಾಗಲಿಲ್ಲ ಎಂಬ ದೂರು. ಐಪಿಯ ಮೇಲೆ ತಡೆ ಬಿದ್ದಾಗ ಡಿಎನ್‌ಎಸ್ ಏನು ಮಾಡೀತು? 1473 ಎಂಬ ಸಂಖ್ಯೆಯೂ ಹಾಗೆಯೇ. ಮಾಮೂಲಿ ಈಥರ್‌ನೆಟ್‌ನಲ್ಲಿ ಮಿತಿ 1500, ಪಿಪಿಪಿಒಇ ಲಾಗಿನ್ ಇರುವ ಬ್ರಾಡ್‌ಬ್ಯಾಂಡ್‌ನಲ್ಲಿ 1492. ಪ್ಯಾಕೆಟ್‌ಗಳು ದಾರಿಯಲ್ಲಿ ಬೀಳುತ್ತಿವೆ ಎಂದು ಖಾತ್ರಿಯಾದರೆ ಮಾತ್ರ ಅದನ್ನು ಇಳಿಸುವುದರಲ್ಲಿ ಅರ್ಥವಿದೆ.

ಜಯನಗರ_ನಾಲ್ಕನೇ_ಮಹಡಿ:
ರೌಟರ್ ನೋಡಿದೆ, 100.72ರಿಂದಲೇ ಶುರುವಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಹೋದರೆ ಪ್ಲೇಸ್ಟೇಷನ್ ಸಲೀಸಾಗಿ ಒಳಗೆ ಬಿಡುತ್ತದೆ. ಸೇವಾದಾರರಿಗೆ ಬರೆಯುತ್ತೇನೆ.

ಅಮ್ಮನ_ಪರವಾನಗಿ:
ಎಲ್ಲರೂ ಯಂತ್ರ ಮತ್ತು ತಂತಿಯ ಬಗ್ಗೆ ಹೇಳಿದಿರಿ, ನನ್ನ ಕಷ್ಟ ದುಡ್ಡಿನದು. ಚಂದಾ ನವೀಕರಿಸಲು ಹೋದರೆ ಇ-8210604ಎ ಬರುತ್ತದೆ. ಕಾರ್ಡಿನಲ್ಲಿ ಹಣವಿದೆ, ಬೇರೆ ಅಂಗಡಿಗಳಲ್ಲೆಲ್ಲ ಅದೇ ಕಾರ್ಡ್ ನಡೆಯುತ್ತದೆ.

ಡಬ್ಲಿನ್_ಕನ್ನಡಿಗ:
ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲದೆ ಕಾರ್ಡ್ ನಡೆಯುತ್ತದೆ, ಆದರೆ ಊರಿನ ತಮ್ಮನಿಗೆ ಇದೇ ಗೋಳು. ಅಲ್ಲಿನ ನಿಯಮಗಳನ್ನು ಬಲ್ಲವರು ಹೇಳಲಿ.

ರಾತ್ರಿಪಾಳಿ:
ಈ ಸಂಕೇತ ಪಾವತಿ ಒಪ್ಪಿತವಾಗಲಿಲ್ಲ ಎನ್ನುತ್ತದೆ, ಕನ್ಸೋಲ್‌ಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಸೇಫ್ ಮೋಡ್‌ಗೆ ಹೋಗುವ ಶ್ರಮ ಬೇಡ. ನಮ್ಮ ಕಡೆ ಇದಕ್ಕೆ ಮೂರು ಕಾರಣಗಳು ಸಾಮಾನ್ಯ. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ಹೊಸ ಕಾರ್ಡ್‌ಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ವಹಿವಾಟುಗಳು ಮುಚ್ಚಿಯೇ ಬರುತ್ತವೆ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆದುಕೊಳ್ಳಬೇಕು. ಆಟದ ಅಂಗಡಿಗೆ ಮಾಡಿದ ಪಾವತಿ ವಿದೇಶಿ ವಹಿವಾಟೆಂದು ದಾಖಲಾಗಬಹುದು. 2021ರ ಅಕ್ಟೋಬರ್‌ನಿಂದ ತಾನಾಗಿ ಕಡಿತವಾಗುವ ಚಂದಾಗಳಿಗೆ ಮೊದಲೇ ಒಪ್ಪಿಗೆ ನೋಂದಾಯಿಸಬೇಕೆಂಬ ನಿಯಮ ಜಾರಿಯಾಯಿತು. 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ. ಹಾಗಾಗಿ ವರ್ಷಗಳ ಹಿಂದೆ ಉಳಿಸಿಟ್ಟ ಕಾರ್ಡಿನ ಮೇಲೆ ಭರವಸೆ ಇಡಬೇಡಿ. ಅದನ್ನು ಖಾತೆಯಿಂದ ತೆಗೆದು, ಕನ್ಸೋಲ್‌ನ ಬದಲು ಬ್ರೌಸರ್‌ನಲ್ಲಿ ಲಾಗಿನ್ ಆಗಿ ಹೊಸದಾಗಿ ಸೇರಿಸಿ ನೋಡಿ, ಅಲ್ಲಿ ಓಟಿಪಿ ಪುಟ ಸರಿಯಾಗಿ ತೆರೆಯುತ್ತದೆ.

ಅದೂ ಆಗದಿದ್ದರೆ ವ್ಯಾಲೆಟ್‌ಗೆ ಹಣ ತುಂಬುವ ವೋಚರ್ ಕೊಳ್ಳಿ. ಆದರೆ ನಿಮ್ಮ ಖಾತೆ ಯಾವ ದೇಶದ್ದೋ ವೋಚರ್ ಕೂಡ ಅದೇ ದೇಶದ್ದಾಗಿರಬೇಕು. ಡಬ್ಲಿನ್‌ನವರು ಪ್ರೀತಿಯಿಂದ ತಮ್ಮನಿಗೆ ಅಲ್ಲಿನ ವೋಚರ್ ಕಳುಹಿಸಿದರೆ ಭಾರತದ ಖಾತೆಯಲ್ಲಿ ಅದು ನಡೆಯುವುದಿಲ್ಲ.

ಡಬ್ಲಿನ್_ಕನ್ನಡಿಗ:
ಈ ದೀಪಾವಳಿಗೆ ಕಳುಹಿಸಲು ಅದನ್ನೇ ಕೊಳ್ಳುವವನಿದ್ದೆ. ಹಾಗಾದರೆ ದುಡ್ಡನ್ನೇ ಕಳುಹಿಸುತ್ತೇನೆ.